ದಿಬ್ಬದ ತಾಳ, ಬಟ್ಟಲಿನ ಅಮಲು

ತಮಟೆಯಿಲ್ಲದೆ ಜಾತ್ರೆ ಕಳೆಗಟ್ಟದ ಕೆಜಿಎಫ್, ಬಂಗಾರಪೇಟೆ ಕಡೆಯವರು ಹಂಪಿಯ ಮಹಾನವಮಿ ದಿಬ್ಬದ ಮುಂದೆ ನಿಂತರೆ ಕಣ್ಣು ಹೋಗುವುದು ಆನೆ ಕುದುರೆಗಳತ್ತಲ್ಲ, ವಾದ್ಯದವರತ್ತ. ಕೆಳಹಂತದ ಕಲ್ಲುಪಟ್ಟಿಗಳಲ್ಲಿ ಕೋಲಾಟದ ಹೆಂಗಸರಿದ್ದಾರೆ, ಹೆಗಲಿಗೆ ವಾದ್ಯ ತೂಗಿಕೊಂಡು ಬಾರಿಸುವವರಿದ್ದಾರೆ, ಚೂಪು ಟೊಪ್ಪಿಗೆಯ ಪರದೇಶಿ ಕುಣಿತಗಾರರಿದ್ದಾರೆ. ಜೀರ್ಕೊಳವೆ ಹಿಡಿದು ಓಕುಳಿಯಾಡುವ ಹೆಣ್ಣುಗಳೂ ಉಂಟು. ಮಹಾನವಮಿ ಆಶ್ವೀಜದ್ದು, ಓಕುಳಿ ವಸಂತದ್ದು. ಶಿಲ್ಪಿಗೆ ಪಂಚಾಂಗದ ಹಂಗಿರಲಿಲ್ಲ.

ಉಬ್ಬು ತೀರಾ ತೆಳು, ಮುಖಗಳು ಒರಟು. ಆದರೂ ಬಾಗಿದ ಮೊಣಕಾಲು, ಎತ್ತಿದ ತೋಳು ಒಂದರ ಹಿಂದೊಂದು ಬಂದು ತಾಳ ಹಿಡಿಯುತ್ತವೆ. ಕಲ್ಲನ್ನು ಹೀಗೆ ಕುಣಿಸುವುದು ಸಣ್ಣ ಮಾತಲ್ಲ.

ಪ್ರಾಚೀನ ಅಥೆನ್ಸಿನ ಚಿತ್ರಿತ ಮಣ್ಣಿನ ಪಾತ್ರೆಗಳಲ್ಲೂ ಇಂಥದೇ ಮೇಳ. ಜೋಡಿ ಕೊಳವೆಯ ಔಲೋಸ್ ವಾದ್ಯ ಊದುತ್ತಿದ್ದರೆ ಕುಡಿದವರು ಕುಣಿಯುತ್ತ ಸಾಗುತ್ತಾರೆ. ಕೆಲವು ಪಾತ್ರೆಗಳಲ್ಲಿ ಊದುವವನ ಕೆನ್ನೆಗೆ ಬಿಗಿದ ಚರ್ಮದ ಪಟ್ಟಿಯೂ ಕಾಣುತ್ತದೆ. ಊದುವುದು ಎಷ್ಟು ಶ್ರಮದ ಕೆಲಸವೆಂದು ಚಿತ್ರಕಾರನಿಗೆ ಗೊತ್ತು. ಕ್ರಿ.ಪೂ. 490ರ ಸುಮಾರಿಗೆ ಬ್ರೈಗೋಸ್ ಚಿತ್ರಕಾರ ಬರೆದ ಬಟ್ಟಲೊಂದು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿದೆ. ಹೊರಮೈಯಲ್ಲಿ ಮೋಜಿನ ಮೆರವಣಿಗೆ. ಒಳಗೆ, ತಳದಲ್ಲಿ, ವಾಂತಿ ಮಾಡುತ್ತಿರುವ ತರುಣ, ಅವನ ತಲೆ ಹಿಡಿದು ನಿಂತ ಹುಡುಗಿ. ಬಟ್ಟಲು ಬರಿದಾದಾಗಲೇ ಈ ಚಿತ್ರ ಕುಡಿದವನ ಕಣ್ಣಿಗೆ ಬೀಳಬೇಕು. ಎಂಥ ಕುಚೋದ್ಯ!

ದಿಬ್ಬದಲ್ಲಿ ಈ ಕುಚೋದ್ಯವಿಲ್ಲ. ಅಲ್ಲಿ ಯಾರೂ ತೂರಾಡುವುದಿಲ್ಲ, ಬಾರಿಸಿ ಬಾರಿಸಿ ಯಾರ ಕೈಯೂ ಸೋತಿಲ್ಲ. ಅರಸನ ಪೀಠದ ಬುಡದಲ್ಲಿ ಕೆತ್ತಿದ ಹಬ್ಬ ಅರಸನಿಗೆ ಕಂಡ ಹಬ್ಬವೇ ಆಗಿಬಿಟ್ಟಿದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ಬರಹದಲ್ಲಾದರೂ ಒಡವೆಯ ಭಾರಕ್ಕೆ ತೋಳು ಸೋತು ಪಕ್ಕದವರ ಆಸರೆ ಪಡೆದ ಹೆಣ್ಣುಗಳಿದ್ದಾರೆ. ಕಲ್ಲಿನಲ್ಲಿ ಅಷ್ಟು ದಣಿವೂ ಇಲ್ಲ. ಬಡಿತ ಉಳಿದಿದೆ, ಬಡಿದವನಿಲ್ಲ. ವಾದ್ಯದವನನ್ನು ಹೆಸರು ಹಿಡಿದು ಗೌರವಿಸುವುದು ನಮ್ಮಲ್ಲಿ ತಡವಾಗಿಯೇ ಬಂತು: ಹಳೆಯ ಕೋಲಾರ ಜಿಲ್ಲೆಯ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಸಂದದ್ದು 2023ರಲ್ಲಿ.

ಚಲನೆಯಲ್ಲಿ ದಿಬ್ಬ ಯಾವ ಗ್ರೀಕ್ ಪಾತ್ರೆಗೂ ಕಡಿಮೆಯಲ್ಲ. ಮನುಷ್ಯರನ್ನು ಬಲ್ಲ ವಿಷಯಕ್ಕೆ ಬಂದರೆ ಆ ಒಂದು ಬಟ್ಟಲಿನ ಮುಂದೆ ಅದು ಸೋಲುತ್ತದೆ. ಹಂಪಿಗೆ ಹೋದವರು ಮೆಟ್ಟಿಲು ಹತ್ತಿ ಫೋಟೊ ತೆಗೆಯುವ ಮೊದಲು ಕೆಳಗೆ ಒಂದು ಸುತ್ತು ಹಾಕಿ. ಬೆಳಿಗ್ಗೆ ಬೇಗ ಹೋಗಿ. ಆ ತೆಳು ಉಬ್ಬು ಕಣ್ಣಿಗೆ ಹತ್ತುವುದು ಓರೆಬಿಸಿಲಿನಲ್ಲೇ.