ಆಗದೇ ಹೋದ ತಪ್ಪಿನ ಲೆಕ್ಕ

ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು ನಾನು. ಆಸ್ಪತ್ರೆಯಲ್ಲಿ ಒಬ್ಬರ ಔಷಧ ಇನ್ನೊಬ್ಬರಿಗೆ ಹೋಗದಿರಲು ಒಂದು ಬಾರ್‌ಕೋಡ್ ಇದ್ರೆ ಸಾಕು ಅಂತ ನಂಬಿದ್ದೆ. ಆಧಾರವೂ ಇತ್ತು. ಬಾಸ್ಟನ್ನಿನ ಬ್ರಿಗಮ್ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಔಷಧ ಕೊಡುವ ವಾರ್ಡುಗಳಲ್ಲಿ, ಹೊತ್ತಿನ ಹೆಚ್ಚುಕಮ್ಮಿ ಬಿಟ್ಟು ಉಳಿದ ತಪ್ಪುಗಳು ಶೇ. 41ರಷ್ಟು ಕಡಿಮೆ ಅಂತ 2010ರ ಅಧ್ಯಯನವೊಂದು ತೋರಿಸಿತ್ತು. ಮಿಕ್ಕ ತಪ್ಪುಗಳ ಬಗ್ಗೆ ನಾನು ಯೋಚಿಸಿರಲಿಲ್ಲ.

ಹೋದ ವರ್ಷ ಅಪ್ಪನನ್ನು ಊರಿಗೆ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದ್ವಿ. ವಾರ್ಡಿನಲ್ಲಿ 28 ಹಾಸಿಗೆ, ರಾತ್ರಿಗೆ ಒಬ್ಬರೇ ಸಿಸ್ಟರ್. ಸಿರಿಂಜ್ ಹಿಡಿದು ಬಂದವರು "ರಂಗಪ್ಪ ಅಲ್ವಾ?" ಅಂದರು. ಕಿವಿ ಮಂದವಾದ ಅಪ್ಪ "ಹ್ಞೂಂ" ಅಂದ. ನಮ್ಮ ಕಡೆ ರಂಗಪ್ಪಂದಿರಿಗೇನು ಬರವೇ? ಮೂರು ಹಾಸಿಗೆ ಆಚೆ ಇನ್ನೊಬ್ಬರಿದ್ದರು. "ಯಾವ ಬೆಡ್ಡು ಸಿಸ್ಟರ್?" ಅಂದೆ. ಚೀಟಿ ನೋಡಿದರು, ಮುಖ ಬಿಳುಚಿತು. "ಸಾರಿ ಅಣ್ಣ, ಸಂಜೆಯಿಂದ ಕೂತೇ ಇಲ್ಲ."

ಅವರ ಕೈಗೆ ಸ್ಕ್ಯಾನರ್ ಕೊಟ್ಟಿದ್ದರೂ 28 ಜನರಿಗೆ ಅದನ್ನು ಹಿಡಿಯಲು ಪುರುಸೊತ್ತೆಲ್ಲಿತ್ತು?

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ, ಔಷಧದ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ 42 ಬಿಲಿಯನ್ ಡಾಲರ್ ನಷ್ಟ ಎಂದು ಅಂದಾಜಿಸಿತು. ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕಿಳಿಸುವ ಗುರಿಯನ್ನೂ ಇಟ್ಟಿತು. ಗುರಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ನಷ್ಟ ಯಾವ ಆಸ್ಪತ್ರೆಯ ಖಾತೆಪುಸ್ತಕದಲ್ಲೂ ಒಂದು ಸಾಲಾಗಿ ಬರೋದಿಲ್ಲ. ಇನ್ನೊಬ್ಬ ಸಿಸ್ಟರನ್ನು ನೇಮಿಸಿದರೆ ಅವರ ಸಂಬಳ ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತೆ. ಹಾಗಾಗಿ ಕತ್ತರಿ ಮೊದಲು ಬೀಳೋದು ಅಲ್ಲಿಗೇ.

ನಮ್ಮ ಕಸುಬಿನಲ್ಲೂ ಹೀಗೇ. ಟೆಸ್ಟರ್ ಚೆನ್ನಾಗಿ ಕೆಲಸ ಮಾಡಿದರೆ ಬಗ್ ಹೊರಗೆ ಹೋಗೋಲ್ಲ. ಬಗ್ಗೇ ಇಲ್ಲವಲ್ಲ, ಟೆಸ್ಟರ್ ಯಾಕೆ ಅಂತ ಮ್ಯಾನೇಜರ್ ಕೇಳ್ತಾನೆ. ಆದರೆ ನಮ್ಮಲ್ಲಿ ಕೆಟ್ಟು ನಿಲ್ಲೋದು ಆ್ಯಪ್, ಅಲ್ಲಿ ಮನುಷ್ಯ.

ಕ್ಯಾಲಿಫೋರ್ನಿಯಾದವರು ಇದನ್ನು ಆಸ್ಪತ್ರೆಗಳ ಇಷ್ಟಕ್ಕೆ ಬಿಡಲಿಲ್ಲ. 1999ರಲ್ಲೇ ಕಾನೂನು ತಂದರು. ಈಗ ಅಲ್ಲಿನ ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸಿಗೆ ಐದಕ್ಕಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ಖರ್ಚು ಹೆಚ್ಚೇ, ಸುಳ್ಳಲ್ಲ. ಆದರೆ ಆ ಖರ್ಚು ಉಳಿಸಿದಾಗ ಅದನ್ನು ಭರಿಸುವವರು ಹಾಸಿಗೆಯಲ್ಲಿ ಮಲಗಿರುವವರು.

ಅಪ್ಪ ಗುಣವಾಗಿ ಬಂದ. ಬಿಲ್ಲಿನಲ್ಲಿ ದಿನದಿನಕ್ಕೂ 'ನರ್ಸಿಂಗ್ ಚಾರ್ಜ್' ಇತ್ತು, ಕಟ್ಟಿದೆ. ನೀವೂ ಆಸ್ಪತ್ರೆಗೆ ಯಾರನ್ನಾದರೂ ಸೇರಿಸುವಾಗ ರೂಮಿಗೆ ಎಸಿ ಇದೆಯಾ ಅಂತ ಆಮೇಲೆ ಕೇಳಿ. ರಾತ್ರಿ ಒಬ್ಬ ಸಿಸ್ಟರಿಗೆ ಎಷ್ಟು ಹಾಸಿಗೆ ಅಂತ ಮೊದಲು ಕೇಳಿ.