ತಿಪ್ಪೆ ಗುಡಿಸಿದ ಸಾರಾಂಶ

ಗುಂಡ್ಲುಪೇಟೆಯಲ್ಲಿ ಓದುವಾಗ ‘ಸಾರಾಂಶ ಬರೆಯಿರಿ’ ಎಂದರೂ ‘ಭಾವಾರ್ಥ ಬರೆಯಿರಿ’ ಎಂದರೂ ಒಂದೇ ಉತ್ತರ ಬರೆದು ಪಾಸಾದವನು ನಾನು. ಎರಡೂ ಬೇರೆ ಅಂತ ಗೊತ್ತಾದದ್ದು ಮಂಟೇಸ್ವಾಮಿ ಕಾವ್ಯದ ಬಗ್ಗೆ ಬರೆಯಲು ಕೂತಾಗ.

ಭಾವಾರ್ಥವೆಂದರೆ ಮೂಲ ಹೇಳಿದ್ದನ್ನೆಲ್ಲ ನಮ್ಮ ಮಾತಿನಲ್ಲಿ ಹೇಳುವುದು. ಅದು ಮೂಲದಷ್ಟೇ ಉದ್ದವಾದೀತು. ಸಾರಾಂಶವೆಂದರೆ ಮುಖ್ಯವಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುವುದು. ಯಾವುದು ಮುಖ್ಯ ಅಂತ ತೀರ್ಮಾನಿಸುವವರು ಯಾರು? ತಕರಾರು ಇರುವುದೇ ಇಲ್ಲಿ.

ಕಲ್ಯಾಣದ ಪ್ರಸಂಗ ನೋಡಿ. ನನ್ನ ಸಾರಾಂಶ ಇಷ್ಟು: ‘ಮಂಟೇಸ್ವಾಮಿ ಕಲ್ಯಾಣಕ್ಕೆ ಬಂದು ಶರಣರ ಭಕ್ತಿಯನ್ನು ಪರೀಕ್ಷಿಸಿದರು.’ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಂಡವರು ಹೇಸುವ ವೇಷದಲ್ಲಿ ಅವರು ಬಂದದ್ದು, ಅವರನ್ನು ಅಟ್ಟಿದ್ದು, ಅವರು ತಿಪ್ಪೆಯಲ್ಲಿ ಕೂತದ್ದು, ಬಸವಣ್ಣನೇ ಹುಡುಕಿಕೊಂಡು ಬಂದದ್ದು, ಎಲ್ಲ ಹೋಯಿತು. ಚಾಮರಾಜನಗರದ ಕಡೆಯ ಹಿರಿಯ ನೀಲಗಾರರೊಬ್ಬರಿಗೆ ಓದಿ ಹೇಳಿದೆ. ತಂಬೂರಿ ಪಕ್ಕಕ್ಕಿಟ್ಟು, “ನೀ ಯೋಳುದ್ದು ಸರೀಗದ ಕನ ಮೊಗ. ಆದ್ರ ತಿಪ್ಪನೇ ಗುಡಿಸಾಕ್ಬುಟ್ಟಲ್ಲ, ಸ್ವಾಮಿ ಎಲ್ಲಿ ಕೂತ್ಕಬೇಕು?” ಎಂದರು.

ನೀಲಗಾರರಲ್ಲಿ ಹೆಚ್ಚಿನವರು ದಲಿತರು. ಅವರಿಗೆ ಆ ತಿಪ್ಪೆ ಬಿಡಬಹುದಾದ ವಿವರವಲ್ಲ. ಕತೆ ನಿಂತಿರುವುದೇ ಅಲ್ಲಿ.

ಮತ್ತೆ ಕೂತು ಭಾವಾರ್ಥ ಬರೆದೆ. ಈ ಸಲ ಏನೂ ಬಿಡಲಿಲ್ಲ. ಆದರೆ ತಿಪ್ಪೆ ‘ತ್ಯಾಜ್ಯದ ರಾಶಿ’ಯಾಯಿತು, ಅಟ್ಟಿದ್ದು ‘ಪ್ರವೇಶ ನಿರಾಕರಣೆ’ಯಾಯಿತು. ಕಾಲೇಜಿನಲ್ಲಿ ಕಲಿತ ಭಾಷೆ ನನಗೇ ಗೊತ್ತಿಲ್ಲದೆ ಎಲ್ಲವನ್ನೂ ತೊಳೆದಿತ್ತು. ಸಾರಾಂಶ ಬಿಟ್ಟು ಕೆಡಿಸಿದರೆ ಭಾವಾರ್ಥ ತೊಳೆದು ಕೆಡಿಸಬಲ್ಲದು.

ಚಾಮರಾಜನಗರ ಜಿಲ್ಲೆಯಾದ 1997ರಲ್ಲೇ ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಹಾಡು ಪುಸ್ತಕದಲ್ಲಿದೆ, ಹಾಡುವವರು ಊರುಗಳಲ್ಲಿದ್ದಾರೆ. ಹೀಗಿರುವಾಗ ಯಾರೋ ಬರೆದ ಸಾರಾಂಶಕ್ಕೆ ಇನ್ನೊಂದು ಸಾರಾಂಶ ಬರೆದು ಅದನ್ನು ವಿಮರ್ಶೆ ಅನ್ನಲು ನಮಗೆ ನೆಪವಿಲ್ಲ.

ಸಾರಾಂಶವೇ ಬೇಡ ಅನ್ನುತ್ತಿಲ್ಲ. ರಾತ್ರಿಯಿಡೀ ಹಾಡುವ ಕಾವ್ಯದ ದಾರಿ ತೋರಿಸಲು ಅದು ಬೇಕು. ನಮ್ಮ ವಾದ ಯಾವ ಘಟನೆಯ ಮೇಲೆ ನಿಂತಿದೆಯೋ ಅಲ್ಲಿ ಭಾವಾರ್ಥ ಬೇಕು. ಆಡಿದ ಮಾತೇ ಮುಖ್ಯವಾದ ಕಡೆ ಹಾಡುಗಾರರ ಮಾತನ್ನೇ ಇಡಬೇಕು. ಮೂರರಲ್ಲೂ ಯಾರ ಹಾಡು, ಯಾರ ಸಂಪಾದನೆ ಅಂತ ಹೇಳಲೇಬೇಕು; ನಮ್ಮ ಮಾತಿನಲ್ಲಿ ಬರೆದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ.

ನಮ್ಮ ಕೇರಿಯ ಬದುಕನ್ನು ಬೇರೆಯವರು ಒಂದು ಸಾಲಿಗೆ ಇಳಿಸಿದರೆ ಸಿಟ್ಟಾಗುವ ನಾವು, ನಮ್ಮ ಹಾಡುಗಾರರಿಗೆ ಅದನ್ನೇ ಮಾಡಬಾರದು.