ಸ್ಪಾಕ್ ಡಾಕ್ಟರೂ ನಮ್ಮಮ್ಮನೂ

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮಂಥವರ ಮನೆಯಲ್ಲಿ ಮೊದಲ ಮಗು ಹುಟ್ಟಿದಾಗ ಎರಡು ಶಾಸ್ತ್ರಗಳು ಒಟ್ಟಿಗೇ ಒಳಗೆ ಬರುತ್ತವೆ. ಒಂದು, ಬಾಣಂತನಕ್ಕೆಂದು ರೈಲು ಹತ್ತಿ ಬರುವ ಅಜ್ಜಿಯ ಬಾಯಿಮಾತು, ಇನ್ನೊಂದು, ಪುಸ್ತಕ. ನಮ್ಮ ಮನೆಗೆ ಬಂದದ್ದು ಅಮೆರಿಕದ ಮಕ್ಕಳ ವೈದ್ಯ ಡಾ. ಬೆಂಜಮಿನ್ ಸ್ಪಾಕ್ (1903-1998) ಅವರ ‘ಬೇಬಿ ಅಂಡ್ ಚೈಲ್ಡ್ ಕೇರ್’. ಮಾಟುಂಗದ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಪ್ರತಿ. ಮಗು ದೊಡ್ಡದಾದ ಮೇಲೆ ಈಚೆಗೆ ಅದನ್ನು ಮತ್ತೆ ಓದಿದೆ. ಮೆಚ್ಚುಗೆಯೂ ಉಳಿದಿದೆ, ಸಿಟ್ಟೂ ಬಂದಿದೆ.

ಮೊದಲು ಮೆಚ್ಚುಗೆಯ ಮಾತು. 1928ರಲ್ಲಿ ಜಾನ್ ವ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು, ಮಕ್ಕಳನ್ನು ಅಪ್ಪಿ ಮುದ್ದಾಡಬಾರದು, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು ಬರೆದಿದ್ದರು. ಗಡಿಯಾರ ನೋಡಿ ಹಾಲೂಡಿಸಬೇಕೆಂದು ತಜ್ಞರು ಹೇಳುತ್ತಿದ್ದ ಕಾಲ ಅದು. 1946ರಲ್ಲಿ ಸ್ಪಾಕ್ ಈ ಬಿಗಿಯನ್ನು ಸಡಿಲಿಸಿದರು. ತಾಯ್ತಂದೆಯರು ತಮ್ಮ ಮೇಲೆ ತಾವೇ ನಂಬಿಕೆಯಿಡಬೇಕೆಂಬುದು ಅವರ ಮೊದಲ ಪಾಠ. ಹಿರಿಯರೊಬ್ಬರು ಜಗಲಿಯಲ್ಲಿ ಕೂತು ಮಾತಾಡಿದಂಥ ಶೈಲಿ. ರಾತ್ರಿ ಎರಡು ಗಂಟೆಗೆ ಮಗು ಅತ್ತರೆ, ಕೊನೆಯ ವಿಷಯಸೂಚಿ ಹಿಡಿದು ಬೇಕಾದ ಪುಟಕ್ಕೆ ಹೋಗಬಹುದು. ಹಿರಿಯರಿಲ್ಲದ ಒಂದು ಕೋಣೆಯ ಸಂಸಾರಕ್ಕೆ ಇದು ಸಣ್ಣ ಉಪಕಾರವಲ್ಲ.

ಇನ್ನು ಸಿಟ್ಟಿನ ಮಾತು. 1950ರ ದಶಕದ ಉತ್ತರಾರ್ಧದಿಂದ ಹಲವು ಆವೃತ್ತಿಗಳಲ್ಲಿ, ಮಗುವನ್ನು ಬೋರಲು ಮಲಗಿಸುವುದು ಮೇಲೆಂಬ ಸಲಹೆಯಿತ್ತು. ಅಂಗಾತ ಮಲಗಿದ ಮಗು ವಾಂತಿ ಮಾಡಿದರೆ ಉಸಿರು ಕಟ್ಟೀತೆಂಬುದು ಕಾರಣ. ಕೇಳಲು ಸರಿಯಾಗಿಯೇ ಇದೆ. ನಾನು ಹಾಗೆಯೇ ಮಲಗಿಸಿದೆ. “ಬೋರಲು ಹಾಕಬೇಡವೋ, ಕೂಸಿಗೆ ಉಸಿರು ಕಟ್ಟುತ್ತೆ” ಎಂದರು ಅಮ್ಮ. “ಡಾಕ್ಟರೇ ಬರೆದಿದ್ದಾರೆ, ನಿನಗೇನಮ್ಮ ಗೊತ್ತು?” ಎಂದೆ, ಬಿ.ಎಸ್ಸಿ. ಓದಿದ ಗರ್ವ. ನಾನು ಬೋರಲು ಹಾಕುವುದು, ನಾನು ನಿದ್ದೆಹೋದ ಮೇಲೆ ಅಮ್ಮ ಎದ್ದು ಅಂಗಾತ ತಿರುಗಿಸುವುದು, ಹೀಗೆ ಒಂದು ವಾರ ನಡೆಯಿತು.

ಅಮ್ಮನೇ ಸರಿ. ಅಂಗಾತ ಮಲಗಿಸಿರೆಂಬ ಪ್ರಚಾರ ಬ್ರಿಟನ್ನಿನಲ್ಲಿ 1991ರಲ್ಲೂ ಅಮೆರಿಕದಲ್ಲಿ 1994ರಲ್ಲೂ ನಡೆದ ಮೇಲೆ, ನಿದ್ದೆಯಲ್ಲೇ ಶಿಶುಗಳು ಹಠಾತ್ತಾಗಿ ಸಾಯುವುದು ಅರ್ಧಕ್ಕಿಂತ ಕಡಿಮೆಯಾಯಿತು. ಸಾಕಷ್ಟು ಪುರಾವೆ 1970ರ ವೇಳೆಗೇ ಇತ್ತು, ಆಗಲೇ ಎಚ್ಚೆತ್ತಿದ್ದರೆ ಯುರೋಪು, ಅಮೆರಿಕ, ಆಸ್ಟ್ರೇಲಿಯಾ ಕಡೆ ಕನಿಷ್ಠ 50,000 ಶಿಶುಗಳು ಉಳಿಯುತ್ತಿದ್ದವೇನೋ ಎಂದು 2005ರ ಒಂದು ಸಮೀಕ್ಷೆ ಲೆಕ್ಕ ಹಾಕಿತು. ಸ್ಪಾಕ್ ಪುಸ್ತಕವೂ ಮುಂದೆ ತಿದ್ದಿಕೊಂಡಿತು. ಆದರೆ ಫುಟ್‌ಪಾತಿನ ಪ್ರತಿ ತಾನಾಗಿ ತಿದ್ದಿಕೊಳ್ಳುವುದಿಲ್ಲವಲ್ಲ!

ಹಾಗೆಂದು ಅಜ್ಜಿಯ ಶಾಸ್ತ್ರಕ್ಕೆ ಪೂರ್ತಿ ಜಯವೆನ್ನಲಾರೆ. ಇದೇ ಅಮ್ಮ ಕೂಸಿನ ನಾಲಿಗೆಗೆ ಜೇನು ಸವರಿದ್ದರು. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣು ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು ನರಗಳನ್ನೇ ಕುಗ್ಗಿಸಬಲ್ಲದು. ಶಿಶುಗಳ ಈ ರೋಗವನ್ನು ವೈದ್ಯರು ಗುರುತಿಸಿದ್ದು 1976ರಲ್ಲಿ. ಆರು ತಿಂಗಳು ತಾಯಹಾಲಲ್ಲದೆ ನೀರೂ ಬೇಡವೆಂಬುದು ಇಂದಿನ ವೈದ್ಯರ ಮಾತು. ನಮ್ಮ ಮಗುವಿಗೆ ಏನೂ ಆಗಲಿಲ್ಲ. ಅದು ಅದೃಷ್ಟ, ಶಾಸ್ತ್ರವಲ್ಲ.

ನನ್ನ ಆಕ್ಷೇಪಣೆ ಸ್ಪಾಕ್ ತಪ್ಪಿದರೆಂಬುದಲ್ಲ, ಯಾರೂ ತಪ್ಪಬಹುದು. ಪರೀಕ್ಷೆಗೊಳಗಾದ ಮಾತನ್ನೂ ಬರೀ ಊಹೆಯ ಮಾತನ್ನೂ ಅವರು ಒಂದೇ ಅಕ್ಕರೆಯ ದನಿಯಲ್ಲಿ ಹೇಳುತ್ತಾರೆ. ಎರಡನ್ನೂ ಬೇರ್ಪಡಿಸುವ ದಾರಿ ಓದುಗನಿಗಿಲ್ಲ. ನಿಮ್ಮನ್ನು ನಂಬಿಕೊಳ್ಳಿ ಎಂದವರನ್ನೇ ನಾವು ಕಣ್ಣುಮುಚ್ಚಿ ನಂಬಿದೆವು. ಅಮ್ಮನ ದನಿಯಲ್ಲೂ ಇದೇ ತೊಡಕು.

ಆದ್ದರಿಂದ ಇಂಥ ಪುಸ್ತಕ ಕೊಂಡಾಗ ಮೊದಲು ಅಚ್ಚಾದ ವರ್ಷ ನೋಡಿ. ಅಕ್ಕರೆ, ತಾಳ್ಮೆಗಳ ಅಧ್ಯಾಯಗಳು ಹಳತಾಗುವುದಿಲ್ಲ. ನಿದ್ದೆ, ಆಹಾರ, ಲಸಿಕೆಗಳ ಅಧ್ಯಾಯಗಳು ಪಂಚಾಂಗವಿದ್ದಂತೆ. ಹೋದ ವರ್ಷದ್ದು ಈ ವರ್ಷಕ್ಕಾಗದು. ಅವನ್ನು ಲಸಿಕೆ ಹಾಕಿಸಲು ಹೋದಾಗ ಡಾಕ್ಟರನ್ನೇ ಕೇಳಬೇಕು.

ಮೊನ್ನೆ, ತಂದೆಯಾಗಲಿರುವ ಪಕ್ಕದ ಮನೆಯ ಹುಡುಗ ಈ ಪ್ರತಿ ಕೇಳಿದ. ಆ ಪುಟದ ಅಂಚಿನಲ್ಲಿ ‘ಇದು ತಪ್ಪು, ಅಂಗಾತ ಮಲಗಿಸಿ’ ಎಂದು ಬರೆದೇ ಕೊಟ್ಟೆ.